ಹೊಳೆಗೆ ಬಿಟ್ಟ ಜಾಡು

ಜಾಡನ್ನು ಹೊಳೆಗೆ ಬಿಡುವುದು ಅಂದರೆ ಏನು ಎಂದು ಆ ಸೀಮೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ಊರಲ್ಲಿ ಕಳವಾದರೆ ಮೊದಲು ತೋಟಿಯನ್ನು ಕರೆಯುವುದು. ಅವನು ಕಳ್ಳನ ಹೆಜ್ಜೆಯ ಗುರುತು ಹಿಡಿದು ಊರ ಗಡಿಕಲ್ಲಿನವರೆಗೆ ಹೋಗಿ, ಕೊನೆಯ ಹೆಜ್ಜೆಯ ಮೇಲೆ ಒಂದು ಮಂಕರಿ ಬುಟ್ಟಿ ಕವುಚಿ, ಪಕ್ಕದೂರಿನ ತೋಟಿಯನ್ನು ಕೂಗುವುದು. ಆ ತೋಟಿ ಬಂದು ಮಂಕರಿ ಎತ್ತಿ ನೋಡಿ "ತಗಂಡೆ" ಅಂದನೋ, ಅಲ್ಲಿಗೆ ಕಳವು ಈ ಊರಿನದಲ್ಲ, ಆ ಊರಿನದು. ಅವನು ಜಾಡನ್ನು ತನ್ನ ಆಚೆ ಗಡಿಯವರೆಗೆ ಒಯ್ದು ಮುಂದಿನವನಿಗೆ ಒಪ್ಪಿಸಬೇಕು, ಇಲ್ಲವೇ ತನ್ನ ಊರಿನಲ್ಲೇ ಕಳ್ಳನನ್ನು ಹಿಡಿದುಕೊಡಬೇಕು. ಕಳ್ಳ ದೊಡ್ಡವರ ಮನೆಯವನಾಗಿದ್ದರೆ ಮಾತ್ರ ಜಾಡು ಎಲ್ಲೂ ನಿಲ್ಲುತ್ತಿರಲಿಲ್ಲ. ಊರಿಂದೂರಿಗೆ ಕೈ ದಾಟಿ ಹೇಮಾವತಿಯ ನೀರಿಗೆ ಇಳಿದುಬಿಡುತ್ತಿತ್ತು. ಆಚೆ ದಡ ಅರಕಲಗೂಡಿನ ಸರಹದ್ದು, ಬೇರೆ ಠಾಣೆ, ಬೇರೆ ದಫೇದಾರ. ನೀರಿನ ಮೇಲೆ ಹೆಜ್ಜೆ ಮೂಡುವುದಿಲ್ಲವಲ್ಲ! ಕಳಕೊಂಡವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ನೆಮ್ಮದಿಯಾಗಿ ಮನೆಗೆ ಹೋಗಿ ಉಣ್ಣುತ್ತಿದ್ದರು.

ಸಿದ್ದನಕೊಪ್ಪಲಿನ ತೋಟಿ ದ್ಯಾವಯ್ಯನಿಗೆ ಊರಿನವರ ಮುಖಗಳಿಗಿಂತ ಕಾಲುಗಳೇ ಚೆನ್ನಾಗಿ ಗೊತ್ತಿದ್ದವು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮೇಲಿನ ಕೇರಿಯವರ ಎದುರು ಅವನ ಕೇರಿಯವರು ತಲೆಯೆತ್ತಿ ನಿಲ್ಲುವ ಹಾಗಿರಲಿಲ್ಲ, ನೆಲ ನೋಡಿಕೊಂಡೇ ಮಾತಾಡಬೇಕಿತ್ತು. ಹುಟ್ಟಿದಾಗಿನಿಂದ ನೆಲ ನೋಡಿದವನಿಗೆ ನೆಲದ ಮೇಲಿರುವುದು ತಿಳಿಯದೆ ಇನ್ನೇನು ತಿಳಿದೀತು? ಯಾರ ಹಿಮ್ಮಡಿ ಒಡೆದಿದೆ, ಯಾರು ಎಡಗಾಲನ್ನು ಎಳೆಯುತ್ತಾರೆ, ಯಾವ ಹೆಂಗಸು ಬಸುರಿಯಾದ ಮೇಲೆ ಹೆಜ್ಜೆ ಊರುವ ರೀತಿ ಬದಲಾಗಿದೆ, ಎಲ್ಲ ಅವನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ತೋಟಿಕೆಗೆಂದು ಬಿಟ್ಟ ಒಂದು ತುಂಡು ಹೊಲ, ಸುಗ್ಗಿಯಲ್ಲಿ ಕಣದಿಂದ ಬರುವ ರಾಗಿ, ಇಷ್ಟರಲ್ಲಿ ಅವನೂ ಹೆಂಡತಿ ಸುಬ್ಬಮ್ಮನೂ ಬದುಕಿದ್ದರು. ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಮಾಯಮ್ಮನನ್ನು ಪಕ್ಕದ ಹೊಂಗೆಕೆರೆಗೆ, ಅಲ್ಲಿನ ತೋಟಿ ಚಿಕ್ಕಯ್ಯನ ಕಿರಿಮಗ ಗುಂಡಯ್ಯನಿಗೆ ಕೊಟ್ಟಿದ್ದ. ಆ ಅಳಿಯನನ್ನು ಮನೆಗೆ ಕರೆಸಿಕೊಂಡು ತನ್ನ ತೋಟಿಕೆಯನ್ನೂ ಹೊಲವನ್ನೂ ಅವನ ಕೈಗೆ ಕೊಟ್ಟು, ಮಗಳು ಕಣ್ಣೆದುರಿಗೇ ಓಡಾಡುವುದನ್ನು ನೋಡಿಕೊಂಡು ಸಾಯಬೇಕು. ದ್ಯಾವಯ್ಯನಿಗೆ ಇದ್ದದ್ದು ಅದೊಂದೇ ಆಸೆ. ಅದನ್ನು ಆಗುಮಾಡುವುದಾಗಲಿ ಆಗದಂತೆ ಮಾಡುವುದಾಗಲಿ ಪಟೇಲ ಗಂಗಾಧರಯ್ಯನವರ ಒಂದು ಮಾತಿನಲ್ಲಿತ್ತು.

ಜರ್ಮನಿಯ ಯುದ್ಧ ಶುರುವಾಗಿ ತಾಮ್ರ ಹಿತ್ತಾಳೆಗೆ ರೆಕ್ಕೆ ಬಂದ ಕಾಲ ಅದು. ಹಿತ್ತಿಲ ಹಂಡೆ, ಬಚ್ಚಲ ಕೊಳಗ, ದೇವರ ಗಂಟೆ, ಹೀಗೆ ಸಿಕ್ಕಿದ್ದೆಲ್ಲ ಹಳ್ಳಿಗಳಿಂದ ಮಾಯವಾಗತೊಡಗಿತು. ಹೋಬಳಿಯ ಹೊರಠಾಣೆಗೆ ಹೊಸದಾಗಿ ಬಂದಿದ್ದ ದಫೇದಾರ ಚಂದ್ರಯ್ಯ ಚನ್ನರಾಯಪಟ್ಟಣದ ಕಡೆಯವನು, ಹುರುಪಿನ ಆಸಾಮಿ. ಊರೂರಿಗೆ ಸೈಕಲ್ಲಿನಲ್ಲಿ ಹೋಗಿ ಚಾವಡಿಯಲ್ಲಿ ಜನ ಸೇರಿಸಿ ಭಾಷಣ ಮಾಡಿದ. ಪೊಲೀಸರು ಒಬ್ಬರಿಂದಲೇ ಆಗುವ ಕೆಲಸವಲ್ಲ ಇದು, ಊರಿಗೆ ಊರೇ ಕಾವಲು ನಿಲ್ಲಬೇಕು, ಅಕ್ಕಪಕ್ಕದವರು ಅಕ್ಕಪಕ್ಕದವರ ಮೇಲೆ ಕಣ್ಣಿಡಬೇಕು, ಮನೆಗೆ ಬೀಗ ಹಾಕಿಕೊಂಡು ಹೋಗುವವರು ಕಾವಲಿನವರಿಗೆ ಹೇಳಿಯೇ ಹೋಗಬೇಕು ಎಂದ. ಪ್ರತಿ ಊರಿನಲ್ಲೂ ಒಂದು ಕಾವಲು ಕೂಟ ಕಟ್ಟಿಸಿದ. ಕಳ್ಳನನ್ನು ಕೊಡದ ಊರಿನ ಮೇಲೆ ದಂಡವಾಗಿ ಪುಂಡುಗಂದಾಯ ಬೀಳುತ್ತದೆ, ಎಲ್ಲರೂ ತೆರಬೇಕಾಗುತ್ತದೆ ಎಂದೂ ಕೊನೆಯಲ್ಲಿ ಒಂದು ಮಾತು ಸೇರಿಸಿದ. ಆ ಕೊನೆಯ ಮಾತು ಜನಕ್ಕೆ ಚೆನ್ನಾಗಿ ಅರ್ಥವಾಯಿತು.

ಸಿದ್ದನಕೊಪ್ಪಲಿನ ಕೂಟಕ್ಕೆ ಯಜಮಾನನಾದವನು ಪಟೇಲರ ಮಗ ಬಸವರಾಜು. ದಫೇದಾರ ಕೊಟ್ಟ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊತ್ತುಗೊತ್ತಿಲ್ಲದೆ ಊದಿ ಊರಿನ ಕರುಗಳನ್ನೆಲ್ಲ ಬೆದರಿಸಿದ. ವಿಧವೆ ಗುರುಸಿದ್ದಮ್ಮ ಮಗಳ ಬಾಣಂತನಕ್ಕೆ ಹೊಳೆನರಸೀಪುರಕ್ಕೆ ಹೊರಟಾಗ, ಹೊಸ ಕಾನೂನಿನಂತೆ, ಅವನನ್ನೇ ಬಾಗಿಲಿಗೆ ಕರೆದು ಹೇಳಿದಳು. "ಒಳಗೆ ತಾಮ್ರದ ಹಂಡೆ ಐತೆ ಕಣಪ್ಪ, ನಮ್ಮತ್ತೆ ಕಾಲದ್ದು. ಒಸಿ ಈ ಕಡೆ ನಿಗಾ ಇಡು." ಬಸವರಾಜು ನಿಗಾ ಇಟ್ಟ. ಮುದುಕಿ ಗಾಡಿ ಹತ್ತಿದ ವಾರದೊಳಗೆ ಹಿತ್ತಿಲ ಬಾಗಿಲಿನ ಚಿಲಕ ಮುರಿದಿತ್ತು, ಹಂಡೆ ಇರಲಿಲ್ಲ.

ಬೆಳಗಾಗುತ್ತಲೇ ದ್ಯಾವಯ್ಯನಿಗೆ ಕರೆ ಬಂತು. ತೋಟಿ ಜಾಡು ನೋಡುವವರೆಗೆ ಒಂದು ನರಪಿಳ್ಳೆಯೂ ಹೊರಗೆ ಹೆಜ್ಜೆ ಇಡಬಾರದು ಎನ್ನುವುದು ಹಳೆಯ ಕಟ್ಟಳೆ. ಗುರುತು ಅಳಿಸಿಹೋಗುತ್ತದಲ್ಲ. ಹಾಗಾಗಿ ಊರನ್ನೆಲ್ಲ ಚಾವಡಿಯಲ್ಲಿ ಕೂರಿಸಿದ್ದರು, ಹೆಂಗಸರು ಮಕ್ಕಳು ಬಾಗಿಲು ಹಾಕಿಕೊಂಡಿದ್ದರು. ಹಿಂದಿನ ದಿನ ತುಂತುರು ಬಿದ್ದಿತ್ತು. ನೆಲ ಒಳ್ಳೆ ಹದವಾಗಿತ್ತು. ಗುರುಸಿದ್ದಮ್ಮನ ಹಿತ್ತಿಲಲ್ಲಿ ಮೊದಲ ಹೆಜ್ಜೆ ಕಂಡ ಕೂಡಲೇ ದ್ಯಾವಯ್ಯನಿಗೆ ಗುರುತು ಸಿಕ್ಕಿತು. ಬರಿಗಾಲು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿಕೊಂಡಿದೆ. ಚಿಕ್ಕವನಿದ್ದಾಗ ನೇಗಿಲ ಗುಳ ತಾಗಿ ಹಾಗಾದ ಕಾಲು ಊರಿಗೆಲ್ಲ ಒಂದೇ. ಆದರೂ ಅವನು ಬೇರೆ ಯಾರದಾದರೂ ಆಗಿರಲಿ ದೇವರೇ ಎಂದುಕೊಂಡು ಜಾಡು ಹಿಡಿದ. ಅದು ಗೋಡೆ ಬಳಸಿ, ಓಣಿ ದಾಟಿ, ಪಟೇಲರ ಹಿತ್ತಿಲಿನ ಹುಲ್ಲಿನ ಮೆದೆಯ ಬುಡದಲ್ಲಿ ನಿಂತಿತು. ಮೆದೆಯ ಒಂದು ಮಗ್ಗುಲಿನಲ್ಲಿ ಹುಲ್ಲು ಹೊಸದಾಗಿ ಕೆದರಿತ್ತು.

ಹಿಂದೆ ಕೆಮ್ಮಿದ ಸದ್ದಾಯಿತು. ಪಟೇಲ ಗಂಗಾಧರಯ್ಯನವರು.

"ಏನ್ಲಾ ದ್ಯಾವ, ಯಾವ ಕಡೀಕೆ ಓಗೈತೆ?"

"ಬುದ್ದಿ, ಎಲ್ಲೂ ಓಗಿಲ್ಲ. ಇಲ್ಲೇ ನಿಂತೈತೆ."

"ಕಾಲು ಯಾರ್ದು?"

"ನನ್ ಬಾಯಲ್ಲಿ ಏಳುಸ್ಬ್ಯಾಡಿ ಬುದ್ದಿ."

ಪಟೇಲರು ಮೆದೆಯನ್ನು ನೋಡಿದರು, ನೆಲದ ಮೇಲಿನ ಎಡಗಾಲನ್ನು ನೋಡಿದರು. ಮುಖ ಹೇಗಾಯಿತೋ ದ್ಯಾವಯ್ಯ ನೋಡಲಿಲ್ಲ. ಅವನು ನೋಡುತ್ತಿದ್ದುದು ಪಟೇಲರ ಹೆಬ್ಬೆರಳನ್ನು, ಅದು ಮಣ್ಣನ್ನು ಮೆಲ್ಲಗೆ ಕೆರೆಯುತ್ತಿತ್ತು.

"ಇಸ್ಪೀಟಿನ ಗೀಳು ಕಣ್ಲಾ. ಆಸನದ ಪ್ಯಾಟೇಲಿ ಅಂಟ್ಕಂಡೈತೆ. ವಯಸ್ಸಿನ ಐಕ್ಳು, ಏನ್ ಮಾಡಾದು," ಎಂದರು ಪಟೇಲರು, ಮಗನಿಗೆ ನೆಗಡಿಯಾಗಿದೆ ಅನ್ನುವ ಹಾಗೆ. "ವಳೇಗೆ ಬುಟ್ಬುಡು."

"ಬುದ್ದಿ, ದಫೇದಾರ್ರು ಬತ್ತಾರಂತೆ..."

"ಬರ್ಲಿ. ಗಡಿಕಲ್ಲಿನ ತಾವ ನಿಮ್ ಬೀಗನ್ ಕೈಗ್ ಒಪ್ಸು. ಅವ್ನು ವಳೇಗೆ ಇಳುಸ್ತಾನೆ. ಯಾವತ್ತೂ ನಡ್ದಿರಾದೇ ಅಲ್ವಾ?" ಅವರು ದನಿ ತಗ್ಗಿಸಿದರು. "ನಿಂಗೆ ಗಂಡು ದಿಕ್ಕಿಲ್ಲ. ನಿನ್ ಅಳಿಯ ಗುಂಡನ್ನ ಕರ್ಸ್ಕೊ. ಬರೋ ಯುಗಾದಿಗೆ ತೋಟಿಕೆ, ಹೊಲ, ಎಲ್ಡೂ ಅವನ್ ಎಸ್ರಿಗೆ ಮಾಡುಸ್ಕೊಡ್ತೀನಿ. ಬಸವಣ್ಣನ ಆಣೆಗೂ ಮಾಡುಸ್ಕೊಡ್ತೀನಿ. ಆಗಾಕಿಲ್ಲ ಅಂದ್ರೆ ಇವತ್ತೇ ಏಳ್ಬುಡು, ಬ್ಯಾರೆ ತೋಟಿ ನೋಡ್ತೀನಿ."

ಬೇಡ ಅನ್ನುವ ಧೈರ್ಯ ದ್ಯಾವಯ್ಯನಿಗೆ ಇರಲಿಲ್ಲ ನಿಜ. ಆದರೆ ಬರೀ ಹೆದರಿಕೆಯಿಂದ ಒಪ್ಪಿದ ಅಂದರೆ ಸುಳ್ಳಾಗುತ್ತದೆ. ಮಗಳು ಇದೇ ಓಣಿಯಲ್ಲಿ ನೀರು ಹೊತ್ತು ಬರುವುದು ಅವನ ಕಣ್ಣಿಗೆ ಕಟ್ಟಿತು. ಒಳಗೊಳಗೇ ಹಿಗ್ಗಿದ. ಕಳ್ಳ ಪಟೇಲರ ಮಗನೇ ಆದದ್ದು ಒಳ್ಳೆಯದೇ ಆಯಿತು ಅಂತಲೂ ಅನಿಸಿತು.

ಲಕ್ಕಿ ಸೊಪ್ಪಿನ ಒಂದು ಕಟ್ಟು ಮುರಿದುಕೊಂಡು ಬಸವರಾಜುವಿನ ಹೆಜ್ಜೆಗಳನ್ನೆಲ್ಲ ಗುಡಿಸಿ ಹಾಕಿದ. ಇನ್ನು ಹೊಸ ಜಾಡು ಎಳೆಯಬೇಕು. ತಾನೇ ಬರಿಗಾಲಲ್ಲಿ ನಡೆದರೆ ಚಿಕ್ಕಯ್ಯ ಒಂದೇ ನೋಟಕ್ಕೆ ಬೀಗರ ಕಾಲೆಂದು ಹೇಳಿಬಿಡುತ್ತಾನೆ. ಯಾವ ತೋಟಿಯೂ ಕಂಡಿರದ ಕಾಲು ಬೇಕು. ಆಗ ಅವನಿಗೆ ತನ್ನ ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ ಮೆಟ್ಟು ನೆನಪಾಯಿತು. ಹಿಂದಿನ ದೀಪಾವಳಿಯಲ್ಲಿ ಗುಂಡಯ್ಯ ಟವಲಿನಲ್ಲಿ ಸುತ್ತಿ ತಂದು, "ಆಸನದಿಂದ ತಂದೆ ಮಾವ, ಮೆಟ್ಕೊ" ಎಂದು ಕೊಟ್ಟಿದ್ದ ಜೋಡು. ಮೋಟಾರು ಗಾಡಿಯ ಟೈರಿನ ಅಟ್ಟೆ, ಅದರ ತುಂಬ ಹಾವಿನ ಮೈಮೇಲಿನ ಹಾಗೆ ಗೆರೆ. ಎಲ್ಲಿ ಮೆಟ್ಟುವುದು? ಮೇಲಿನ ಕೇರಿಯಲ್ಲಿ ಅವನ ಜನ ಮೆಟ್ಟು ಹಾಕಿದರೆ ಅದೇ ಮೆಟ್ಟಿನಲ್ಲಿ ಹೊಡೆಯುತ್ತಿದ್ದರು. ಅದು ಸೂರು ಸೇರಿತ್ತು. ಹಾಸನದ ಪೇಟೆಯಲ್ಲಿ ಎಲ್ಲರೂ ಇಂಥದ್ದನ್ನೇ ಹಾಕುತ್ತಾರೆ, ಜಾಡು ನೋಡಿದವರು ಯಾವನೋ ಪೇಟೆಯ ಕಳ್ಳ ಅಂದುಕೊಳ್ಳುತ್ತಾರೆ ಎಂದು ದ್ಯಾವಯ್ಯ ಲೆಕ್ಕ ಹಾಕಿದ. ಊರಿನ ಕಾಲುಗಳನ್ನೆಲ್ಲ ಬಲ್ಲವನಿಗೆ ಮೆಟ್ಟಿನ ವಿಚಾರ ಮಾತ್ರ ಒಂದಿಷ್ಟೂ ಗೊತ್ತಿರಲಿಲ್ಲ. ಗೊತ್ತಾಗುವುದಕ್ಕೆ ಯಾರೂ ಬಿಟ್ಟಿರಲಿಲ್ಲ.

ಗುರುಸಿದ್ದಮ್ಮನ ಹಿತ್ತಿಲಲ್ಲಿ ನಿಂತು ಅವನು ಮೆಟ್ಟು ಮೆಟ್ಟಿದ. ಮೇಲಿನ ಕೇರಿಯ ಮಣ್ಣಿನ ಮೇಲೆ, ಹಾಡಹಗಲಿನಲ್ಲಿ, ಮೆಟ್ಟು! ಮೈ ಜುಮ್ಮೆಂದಿತು. ಬೇಕಾದ್ದಕ್ಕಿಂತ ಗಟ್ಟಿಯಾಗಿ ಊರಿ ಊರಿ ನಡೆದ, ರಾಗಿ ಹೊಲದ ಬದುವಿನ ಮೇಲೆ ಹಂಡೆ ಹೊತ್ತವನ ಹಾಗೆ ಭಾರ ಹಾಕಿ ನಡೆದ, ಗಡಿಕಲ್ಲಿನ ಹತ್ತಿರ ನಿಂತ. ವಾಪಸು ಬರುವಾಗ ಮೆಟ್ಟು ಕಂಕುಳಲ್ಲಿಟ್ಟು ಕಾಲುವೆಯ ನೀರೊಳಗೆ ಬಂದ. ಬಹಳ ಅಚ್ಚುಕಟ್ಟಾಗಿ ಮಾಡಿದ ಕೆಲಸ.

ಹೊತ್ತೇರುವ ಹೊತ್ತಿಗೆ ಗಡಿಕಲ್ಲಿನ ಬಳಿ ಜಾತ್ರೆಯಷ್ಟು ಜನ. ಮೊದಲಾಗಿದ್ದರೆ ಎರಡೂ ಊರಿನ ತೋಟಿಗಳು, ಒಬ್ಬಿಬ್ಬರು ಯಜಮಾನರು ಇದ್ದು ಮುಗಿದುಹೋಗುತ್ತಿತ್ತು. ಈಗ ಕಾವಲು ಕೂಟಗಳು ಇದ್ದವಲ್ಲ! ಈ ಕಡೆ ಬಸವರಾಜು ಸೀಟಿ ಕಟ್ಟಿಕೊಂಡು ತನ್ನ ಪಟಾಲಮ್ಮಿನೊಡನೆ ನಿಂತಿದ್ದ. ಆ ಕಡೆ ಹೊಂಗೆಕೆರೆಯ ಕೂಟ ದೊಣ್ಣೆ ಹಿಡಿದು ನಿಂತಿತ್ತು. ನಡುವೆ ದಫೇದಾರ ಚಂದ್ರಯ್ಯ ಸೈಕಲ್ಲಿಗೆ ಒರಗಿ ನಿಂತು, ತನ್ನ ಕೂಟಗಳ ಮೊದಲ ಪರೀಕ್ಷೆಯೆಂದು ಮೀಸೆ ನೇವರಿಸಿಕೊಳ್ಳುತ್ತಿದ್ದ. ದ್ಯಾವಯ್ಯ ಮಂಕರಿ ಕವುಚಿ, ಕಟ್ಟಳೆಯಂತೆ ಕೂಗಿದ:

"ವಂಗೆಕೆರೆ ತೋಟಿ, ಬಾ, ಜಾಡು ತಗಾ!"

ಚಿಕ್ಕಯ್ಯ ಬಂದ. ಕುಕ್ಕರುಗಾಲಲ್ಲಿ ಕೂತು ಮಂಕರಿ ಎತ್ತಿದ. ತಗಂಡೆ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಮಂಕರಿಯನ್ನು ತಿರುಗಿ ಕವುಚುವುದಕ್ಕೆ ಹೋಯಿತು ಅವನ ಕೈ. ಅಷ್ಟರಲ್ಲಿ ಹೊಂಗೆಕೆರೆಯ ಕೂಟದವನೊಬ್ಬ ಬಗ್ಗಿ ನೋಡಿ ಕಿರುಚಿದ:

"ಇದು ಗುಂಡನ ಮೆಟ್ಟು ಕಣ್ರಲಾ! ಟೈರಿನ ಮೆಟ್ಟು!"

"ಊ ಕಣ್ಲಾ, ಅವ್ನೇ ವಲ್ದಿರಾದು. ಇಡೀ ಓಬ್ಳೀಲಿ ಇನ್ಯಾವನ್ ತಾವ ಐತೆ?" ಎಂದ ಇನ್ನೊಬ್ಬ. ಅಕ್ಕಪಕ್ಕದವರ ಮೇಲೆ ಕಣ್ಣಿಡಿ ಎಂದು ದಫೇದಾರ ಹೇಳಿಕೊಟ್ಟಿದ್ದನಲ್ಲ, ಚೆನ್ನಾಗಿಯೇ ಇಟ್ಟಿದ್ದರು.

ದ್ಯಾವಯ್ಯನಿಗೆ ಗೊತ್ತಿಲ್ಲದ ಸಂಗತಿ ಅದು. ಹಿಂದೆ ಕೆಲವು ದಿನ ಹಾಸನದ ಬಸ್ ಕಂಪನಿಯಲ್ಲಿ ಮೋಟಾರು ತೊಳೆಯುತ್ತಿದ್ದ ಗುಂಡಯ್ಯ ಹರಿದ ಟೈರೊಂದನ್ನು ಕೇಳಿ ತಂದು, ತಾನೇ ಕತ್ತರಿಸಿ ಹೊಲಿದು, ಒಂದು ಜೊತೆ ಮಾವನಿಗೂ ಅದೇ ಅಳತೆಯ ಇನ್ನೊಂದು ಜೊತೆ ತನಗೂ ಮಾಡಿಕೊಂಡಿದ್ದ. ಸಿದ್ದನಕೊಪ್ಪಲಿಗೆ ಬರುವಾಗಲೆಲ್ಲ ಊರ ಹೊರಗೇ ಕಳಚಿ ಬೇಲಿಯಲ್ಲಿಟ್ಟು ಬರುತ್ತಿದ್ದ. ಅವನು ಮೆಟ್ಟು ಮೆಟ್ಟಿ ನಡೆದದ್ದನ್ನು ಮಾವ ಒಂದು ದಿನವೂ ನೋಡಿರಲಿಲ್ಲ.

ಹೊಲದಲ್ಲಿ ಕಳೆ ಕೀಳುತ್ತಿದ್ದ ಗುಂಡಯ್ಯನನ್ನು ಎಳೆದು ತಂದರು. ಇಷ್ಟು ಜನ ದೊಡ್ಡವರನ್ನು ಕಂಡು ಅವನು ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡೇ ಬಂದ. ದಫೇದಾರ ಒಂದನ್ನು ಕಿತ್ತುಕೊಂಡು ಗುರುತಿನ ಮೇಲಿಟ್ಟ. ಹಾವಿನ ಗೆರೆಗೆ ಹಾವಿನ ಗೆರೆ ಕೂತಿತು.

"ಮೆಟ್ಟು ನಂದೇ ಸಾ. ನಾನು ಈ ಕಡೀಕೇ ಬಂದಿಲ್ಲ," ಎಂದ ಗುಂಡಯ್ಯ.

"ಮತ್ತೆ ಮೆಟ್ಟು ಒಂದೇ ನಡ್ಕೊಂಡು ಬಂತಾ? ಇಂಥ ಜೊತೆ ಇನ್ಯಾರ ಹತ್ತಿರ ಇದೆ, ಹೇಳು."

ಗುಂಡಯ್ಯ ಬಾಯಿ ತೆರೆದ. ಅವನ ಕಣ್ಣು ಜನರ ನಡುವೆ ಮಾವನನ್ನು ಹುಡುಕಿ, ಮಾವನ ಬರಿಗಾಲಿನ ಮೇಲೆ ಬಂದು ನಿಂತಿತು. ಕಾಲುವೆಯ ಕೆಸರು ಇನ್ನೂ ಮೊಣಕಾಲವರೆಗೆ ಹಸಿಯಾಗಿಯೇ ಇತ್ತು. ಅವನೂ ತೋಟಿಯ ಮಗ. ತಿಳಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದ್ಯಾವಯ್ಯ ತಲೆ ತಗ್ಗಿಸಿದ. ಮಾವ ಈಗ ಮಾತಾಡುತ್ತಾನೆ, ಈಗ ಮಾತಾಡುತ್ತಾನೆ ಎಂದು ಆ ಹುಡುಗ ಕಾದ. ಮಾವ ಮಾತಾಡಲಿಲ್ಲ.

"ಇನ್ಯಾರ್ ತಾವ್ಲೂ ಇಲ್ಲ ಸಾ. ಒಂದೇ ಜೊತೆ."

ಮೊದಲ ಏಟು ಬಾಯಿಯ ಮೇಲೆ ಬಿತ್ತು. ಹಂಡೆ ಎಲ್ಲಿ ಎಂದು ಕೇಳುವುದು, ಹೊಡೆಯುವುದು, ಕೇಳುವುದು, ಹೊಡೆಯುವುದು. ಬಸವರಾಜು ಕೂಡ ಕೂಟದ ಯಜಮಾನನಾಗಿ ಎರಡು ಒದೆ ಹಾಕಿದ. ಸುತ್ತಲಿನವರು ನೋಡುತ್ತ ನಿಂತರು. ತಮ್ಮ ಊರಿನ ಮೇಲೆ ಕಂದಾಯ ಬೀಳುವುದು ತಪ್ಪಿತೆಂದು ಹೊಂಗೆಕೆರೆಯವರ ಮುಖದಲ್ಲಿ ಒಂದು ಕಳೆಯೇ ಬಂದಿತ್ತು.

"ತೋಟಿ, ಜಾಡು ತಗೊಂಡೆ ಅನ್ನು. ಕಾನೂನು ಪ್ರಕಾರ ನಡೀಲಿ," ಎಂದ ದಫೇದಾರ ಚಿಕ್ಕಯ್ಯನಿಗೆ.

ಚಿಕ್ಕಯ್ಯ ಮಗನ ಒಡೆದ ತುಟಿಯನ್ನು ನೋಡುತ್ತ "ತಗಂಡೆ" ಎಂದ. ಆಮೇಲೆ ದ್ಯಾವಯ್ಯನ ಕಡೆ ತಿರುಗಿ ಮೆಲ್ಲಗೆ, "ಒಳ್ಳೇ ಜಾಡು ತಂದ್ರಿ ಬೀಗ್ರೆ" ಎಂದ. ದಫೇದಾರ ಗುಂಡಯ್ಯನ ಕೈ ಕಟ್ಟಿ ಹಗ್ಗದ ತುದಿಯನ್ನು ಸೈಕಲ್ಲಿನ ಹಿಂದಕ್ಕೆ ಬಿಗಿದು ತುಳಿಯತೊಡಗಿದ. ಗುಂಡಯ್ಯ ಬರಿಗಾಲಲ್ಲಿ ಓಡುತ್ತ ಹೋದ.

ದ್ಯಾವಯ್ಯ ಮನೆಗೆ ಬಂದು ಮೂಲೆ ಹಿಡಿದು ಮಲಗಿದ. ಪಟೇಲರು ಹೇಳಿ ಕಳಿಸಿದರು: ಆದದ್ದು ಆಯಿತು, ಆರು ತಿಂಗಳು ಸಜೆ ಅಂದರೆ ಆರು ಗಳಿಗೆ, ಬಾಯಿ ಬಿಡದಿದ್ದರೆ ತಾವು ಆಡಿದ ಮಾತಿಗೆ ತಪ್ಪುವುದಿಲ್ಲ. ಸುಬ್ಬಮ್ಮ ಸೂರಿನಿಂದ ಮೆಟ್ಟನ್ನು ಎಳೆದು ಅವನ ಮುಂದೆ ಎಸೆದಳು. ಅದರ ಗೆರೆಗಳಲ್ಲಿ ಮೇಲಿನ ಕೇರಿಯ ಮಣ್ಣು ಇನ್ನೂ ಕಚ್ಚಿಕೊಂಡಿತ್ತು.

"ಇದೇನು ಅಂತ ನಾ ಕೇಳಾಕಿಲ್ಲ. ನಿನ್ ಮಗಳು ಬಂದ್ರೆ ನೀನೇ ಏಳು," ಎಂದಳು.

ಮಗಳು ಮಾರನೆಯ ದಿನ ಬಂದಳು. ಠಾಣೆಗೆ ಮುದ್ದೆ ಒಯ್ದು, ಗಂಡನನ್ನು ಕಂಡು, ಅಲ್ಲಿಂದ ನೇರವಾಗಿ ತವರಿಗೆ ನಡೆದಿದ್ದಳು. ಅಳುತ್ತಿರಲಿಲ್ಲ. ಅವಳ ಮುಖದಲ್ಲಿ ಅಳುವಿಗಿಂತ ಕೆಟ್ಟದ್ದು ಒಂದು ಇತ್ತು, ನಂಬಿಕೆ.

"ಅಪ್ಪಾ, ನಂಗೆ ಒಳೀತು. ಯಾವನೋ ನಿನ್ ಮೆಟ್ಟು ಕದ್ದು, ಮೆಟ್ಕಂಡು ಓಗಿ, ತಿರ್ಗ ತಂದು ಸಿಗ್ಸವ್ನೆ. ಇನ್ನೊಂದು ಜೊತೆ ಇರೋ ಸುದ್ದಿ ಪೋಲೀಸ್ನೋರ್ಗೆ ಗೊತ್ತೇ ಇಲ್ಲ. ಅವ್ನು ಏಳ್ತಾ ಇಲ್ಲ. ಯಾಕ್ ಏಳಾಕಿಲ್ಲ ಅಂದ್ರೆ, 'ಮಾವ ಬತ್ತಾನೆ, ಅವ್ನೇ ಏಳ್ತಾನೆ' ಅಂತಾನೆ. ಅಂಗಾಲಿಗೆ ಒಡ್ದವ್ರೆ ಅಪ್ಪಾ. ನಿಲ್ಲಾಕೂ ಆಗಾಕಿಲ್ಲ ಅವನ್ಗೆ. ನೀನು ಬಂದು ಆ ಮೆಟ್ಟು ತೋರ್ಸು ಸಾಕು."

ಅಪ್ಪನೇ ಆ ಮೆಟ್ಟು ಮೆಟ್ಟಿದ್ದ ಎನ್ನುವ ಯೋಚನೆ ಅವಳ ತಲೆಯ ಹತ್ತಿರವೂ ಸುಳಿದಿರಲಿಲ್ಲ. ದ್ಯಾವಯ್ಯ ಎದ್ದ. ಮೆಟ್ಟನ್ನು ಹಳೆಯ ಟವಲಿನಲ್ಲಿ ಗಂಟು ಕಟ್ಟಿದ. ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ಹೇಳುವುದಕ್ಕೇ ಹೊರಟಿದ್ದ. ಪಟೇಲರ ಹೆಸರು ಬೇಕಾದರೆ ಹಾಗಿರಲಿ, ಜಾಡು ಎಳೆದವನು ನಾನು ಎಂದು ಹೇಳಿಬಿಡುತ್ತೇನೆ, ತೋಟಿಕೆ ಹೋದರೆ ಹೋಗಲಿ, ಹೊಲ ಹೋದರೆ ಹೋಗಲಿ ಅಂದುಕೊಂಡ. ದಾರಿಯುದ್ದಕ್ಕೂ ಮಗಳು ಮುಂದೆ ಮುಂದೆ ನಡೆದಳು, ಅವನು ಅವಳ ಹೆಜ್ಜೆಗಳ ಮೇಲೆ ಹೆಜ್ಜೆ ಇಡುತ್ತ ಹೋದ.

ಠಾಣೆಯ ಮುಂದೆ ಒಂದು ಹೊಂಗೆ ಮರ. ಮುದ್ದೆ ಕೊಡಲು ಒಮ್ಮೆ ಬಿಟ್ಟದ್ದೇ ಹೆಚ್ಚು, ಹೆಂಗಸರು ಮತ್ತೆ ಒಳಗೆ ಬರಬಾರದು ಎಂದು ಜವಾನ ಗದರಿದ್ದರಿಂದ ಮಾಯಮ್ಮ ಮರದಡಿ ಕೂತಳು. ದಫೇದಾರ ಚಂದ್ರಯ್ಯ ಒಳಗೆ ಮೇಜಿನ ಮೇಲೆ ಕಾಲು ಚಾಚಿಕೊಂಡು ಎಲೆ ಅಡಿಕೆ ಹಾಕುತ್ತಿದ್ದ. ದ್ಯಾವಯ್ಯನನ್ನೂ ಅವನ ಕಂಕುಳಲ್ಲಿದ್ದ ಗಂಟನ್ನೂ ನೋಡಿ ಕಾಲು ಇಳಿಸಿದ.

"ಬಂದೆಯಾ? ಬರ್ತೀಯೋ ಇಲ್ಲವೋ ಅಂತ ಯೋಚನೆ ಮಾಡ್ತಾ ಇದ್ದೆ. ನಿಂತ್ಕೋ. ಆ ಗಂಟು ಬಿಚ್ಚಬೇಡ."

"ಸಾ, ಇದರಾಗೆ..."

"ಅದರಲ್ಲಿ ಏನಿದೆ ಅಂತ ನನಗೆ ಗೊತ್ತು. ನಾನೇನು ಕುರುಡನೇನೋ? ಹುಡುಗ ಯಾರ ಕಾಲು ನೋಡಿ ಬಾಯಿ ಮುಚ್ಚಿಕೊಂಡ ಅನ್ನೋದು ನಾನೂ ನೋಡಿದೆ. ಆದರೆ ಬಿಚ್ಚಿದರೆ ನಾನು ಕಣ್ಣಾರೆ ಕಂಡ ಹಾಗೆ ಆಗುತ್ತೆ. ಕಂಡರೆ ಬರೀಬೇಕಾಗುತ್ತೆ."

"ಮೆಟ್ಟು ಯಾರೋ ಕದ್ದಿದ್ರು ಸಾ..." ಮಗಳು ಹೇಳಿಕೊಟ್ಟ ಮಾತು ಅವನ ಬಾಯಿಂದ ಜಾರಿತು.

ದಫೇದಾರ ನಕ್ಕ. "ಜಾಡು ನೋಡಿದವನು ನೀನು. ನಿನ್ನ ಮನೆ ಮೆಟ್ಟಿನ ಗುರುತು ನಿನಗೇ ಸಿಗಲಿಲ್ಲವಾ? ನೋಡು ದ್ಯಾವಯ್ಯ, ಹಂಡೆ ಯಾರ ಮನೆಗೆ ಹೋಯ್ತು ಅಂತ ನಾನು ಕೇಳೋದಿಲ್ಲ, ನೀನೂ ಹೇಳಬೇಡ, ಹೇಳಿದರೂ ನಾನು ಕೇಳಿಸಿಕೊಳ್ಳೋದಿಲ್ಲ. ನನಗೆ ಒಬ್ಬ ಬೇಕು. ಕಾವಲು ಕೂಟ ಹಿಡಿದ ಕಳ್ಳ ಅಂತ ಹಾಸನಕ್ಕೆ ಬರೆದು ಕಳಿಸಬೇಕು. ಆ ಹಾದೀಲಿ ಎರಡು ಕಾಲು ನಡೆದಿವೆ. ಅವು ಅವನದಾಗಬಹುದು, ನಿನ್ನದಾಗಬಹುದು. ಗಂಟು ಬಿಚ್ಚಿದೆಯಾ, ಅವನನ್ನ ಈಗಲೇ ಬಿಡ್ತೀನಿ, ನೀನು ಒಳಗೆ ಹೋಗು. ಇದರಲ್ಲಿ ಮೋಸ ಇಲ್ಲ."

ಅವನು ಎದ್ದು ಒಳಕೋಣೆಯ ಬಾಗಿಲನ್ನು ಕಾಲಿನಿಂದ ತಳ್ಳಿದ.

ಗುಂಡಯ್ಯ ನೆಲದ ಮೇಲೆ ಬೋರಲು ಬಿದ್ದಿದ್ದ. ಮುಖ ಗೋಡೆಯ ಕಡೆಗಿತ್ತು, ಬಾಗಿಲ ಕಡೆಗೆ ಚಾಚಿದ್ದವು ಎರಡು ಅಂಗಾಲು. ಊದಿಕೊಂಡು, ಕಪ್ಪಗೆ, ಅಲ್ಲಲ್ಲಿ ಚರ್ಮ ಬಿಟ್ಟುಕೊಂಡು, ಹಿಮ್ಮಡಿ ಯಾವುದು ಬೆರಳು ಯಾವುದು ತಿಳಿಯದಂತಾಗಿದ್ದವು. ಸೀಮೆಯ ಕಾಲುಗಳನ್ನೆಲ್ಲ ಬಲ್ಲ ದ್ಯಾವಯ್ಯ ಆ ಕಾಲುಗಳನ್ನು ಗುರುತು ಹಿಡಿಯಲಾರದೆ ಹೋದ. ಬಾಗಿಲ ಸದ್ದಿಗೆ ಗುಂಡಯ್ಯ ಕತ್ತು ಹೊರಳಿಸಿ ನೋಡಿದ. ನೋಡಿ, ಒಡೆದ ತುಟಿಯಲ್ಲೇ ನಗಲು ಹೋದ.

"ಮಾವ, ಬಂದ್ಯಾ? ನಂಗೊತ್ತಿತ್ತು."

ದ್ಯಾವಯ್ಯನ ಬೆರಳು ಟವಲಿನ ಗಂಟಿನ ಮೇಲಿತ್ತು. ಒಂದು ಎಳೆತ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಆ ಹುಡುಗನ ಮೇಲೆ ಅವನಿಗೆ ಪ್ರೀತಿಯಿತ್ತು, ಇರಲಿಲ್ಲ ಎಂದು ಹೇಳುವ ಹಾಗಿಲ್ಲ. ಆದರೆ ಕಣ್ಣು ಅಂಗಾಲುಗಳಿಂದ ಕದಲಲಿಲ್ಲ. ನಾಳೆ ಆ ಜಾಗದಲ್ಲಿ ಚಾಚಿಕೊಂಡಿರುವುದು ತನ್ನ ಅಂಗಾಲು. ಈ ವಯಸ್ಸಿಗೆ, ಈ ಮೂಳೆಗೆ. ಬೆತ್ತ ಬೀಳುವ ಮೊದಲೇ ಅವನ ಪಾದಗಳು ಒಳಗಿನಿಂದ ಚಿಮುಗುಟ್ಟತೊಡಗಿದವು. ಮಗಳಿಲ್ಲ, ಹೊಲವಿಲ್ಲ, ಪಟೇಲರಿಲ್ಲ, ಜಗತ್ತಿನಲ್ಲಿ ಉಳಿದದ್ದು ಅವನ ಎರಡು ಕಾಲು ಮಾತ್ರ.

"ಏನಂತೀಯ?" ಎಂದ ದಫೇದಾರ.

"ಏನಿಲ್ಲ ಸಾ," ಎಂದ ದ್ಯಾವಯ್ಯ. "ಅಳಿಯನ್ನ ಒಂದ್ ದಪ ನೋಡ್ಕಂಡ್ ಓಗವಾ ಅಂತ ಬಂದೆ."

ಗುಂಡಯ್ಯನ ನಗು ಕೂಡಲೇ ಹೋಗಲಿಲ್ಲ. ಕೇಳಿದ್ದು ಅರ್ಥವಾಗುವವರೆಗೆ ಒಂದಿಷ್ಟು ಹೊತ್ತು ತುಟಿಯ ಮೇಲೆ ಹಾಗೇ ಇತ್ತು. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ಮಾವನ ಹೆಸರು ಹೇಳಬೇಕೆಂದರೆ ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ.

"ನೋಡಿದೆಯಲ್ಲ, ಹೋಗು," ಎಂದು ದಫೇದಾರ ಬಾಗಿಲು ಎಳೆದುಕೊಂಡ.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಾಯಮ್ಮ ಮರದಡಿಯಿಂದ ಎದ್ದು ಓಡಿ ಬಂದಳು.

"ಏಳಿದ್ಯಾ ಅಪ್ಪಾ?"

"ಏಳ್ದೆ ಕಣವ್ವ."

"ಮೆಟ್ಟು ತೋರ್ಸಿದ್ಯಾ?"

"ತೋರ್ಸ್ದೆ."

"ಏನಂದ್ರು?"

"ಬುಡ್ತಾರಂತೆ. ಬರ್ಯಾದು ಗಿರ್ಯಾದು ಐತಂತೆ, ಮುಗ್ಸಿ ಬುಡ್ತಾರಂತೆ."

ಅವಳು ದಬಕ್ಕನೆ ಅವನ ಕಾಲಿನ ಮೇಲೆ ಬಿದ್ದಳು. ದಾರಿಯ ಧೂಳು ಹತ್ತಿದ್ದ ಪಾದಗಳ ಮೇಲೆ ಹಣೆ ಇಟ್ಟು, ಎರಡು ದಿನದಿಂದ ಹಿಡಿದುಕೊಂಡಿದ್ದ ಅಳುವನ್ನೆಲ್ಲ ಅಲ್ಲಿ ಅತ್ತಳು. ಅವನ ಪಾದ ಒದ್ದೆಯಾಯಿತು. ಎದ್ದವಳು ಸೆರಗಿನಿಂದ ಆ ಪಾದಗಳನ್ನು ಒರೆಸಿ, ಅವನ ಕಂಕುಳಿನ ಗಂಟಿಗೆ ಕೈ ಹಾಕಿದಳು.

"ಕೊಡಿಲ್ಲಿ. ಅವನ್ ಮೆಟ್ಟು ಪೋಲೀಸ್ನೋರ್ ತಾವ ಐತೆ. ಬುಟ್ಟಾಗ ಬರಿಗಾಲಲ್ಲಿ ನಡೀನಾರ. ಇದ್ನೇ ಮೆಟ್ಟುಸ್ಕಂಡು ಕರ್ಕಂಡ್ ಬತ್ತೀನಿ. ನೀ ಓಗು, ಅವ್ವ ಕಾಯ್ತಿರ್ತಾಳೆ."

ದ್ಯಾವಯ್ಯ ಕೊಟ್ಟ. ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು, ಠಾಣೆಯ ಬಾಗಿಲು ಕಾಣುವ ಹಾಗೆ ಮರಕ್ಕೆ ಒರಗಿ ಕೂತಳು. ಅವನು ರಸ್ತೆಗೆ ಇಳಿದು ಸ್ವಲ್ಪ ದೂರ ಹೋಗಿರಬಹುದು, ಒಳಗಿನಿಂದ ಮತ್ತೆ ಬೆತ್ತದ ಸದ್ದು ಕೇಳತೊಡಗಿತು. ಆ ಏಟು ತನ್ನ ಗಂಡನಿಗಲ್ಲ, ಬೇರೆ ಯಾರಿಗೋ ಎಂದುಕೊಂಡಳೋ ಏನೋ, ಮಾಯಮ್ಮ ಅಲ್ಲಿಂದಲೇ ಕೂಗಿದಳು.

"ಅಪ್ಪಾ, ನಿಧಾನುಕ್ ಓಗು, ನೆಲ ಸುಡ್ತೈತೆ!"

ಅವನು ನಿಧಾನವಾಗಿಯೇ ಹೋದ.